‘ರ‍್ಯಾಮ್ ಹಾಕ್ಸಿದ್ಮೇಲೆ ಆನೇ ಆಗ್ತಿಲ್ಲ ಕಣಣ್ಣ’

ಸೋಮನಾಥಪುರದ ಚರಿತ್ರೆ ಬರೆಯುವವರೆಲ್ಲ 1258ಕ್ಕೆ ಹೋಗುತ್ತಾರೆ, ಅಲ್ಲೇ ನಿಲ್ಲುತ್ತಾರೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರ ಮಾಡಿದ್ದು, ಕೇಶವ ದೇವಾಲಯ ಕಟ್ಟಿಸಿದ್ದು, ಮಲ್ಲಿತಮ್ಮ ಎಂಬ ರೂವಾರಿ ತಾನು ಕಡೆದ ವಿಗ್ರಹಗಳ ಬುಡದಲ್ಲಿ ಹೆಸರು ಕೊರೆದದ್ದು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ ಹುಟ್ಟಿದ ನಾನು ಬರೆಯುತ್ತಿರುವುದು ಅಷ್ಟು ಹಳೆಯ ಸಂಗತಿಯಲ್ಲ. ಬನ್ನೂರು, ಟಿ. ನರಸೀಪುರ, ನಂಜನಗೂಡಿನ ಸಣ್ಣ ಸಣ್ಣ ಮಳಿಗೆಗಳಲ್ಲಿ ಕಂಪ್ಯೂಟರ್ ರಿಪೇರಿ ಎಂಬ ಕಸುಬು ಬೆಳೆದ ಬಗೆ ನನಗೆ ಗೊತ್ತು. ಅದರಲ್ಲಿ ಒಂದೇ ಒಂದು ಕಾಯಿಲೆಯನ್ನು ಹಿಡಿದು ಇಡೀ ಕಥೆ ಹೇಳಬಹುದು. ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಏಳದೆ ಹೋಗುವ ಕಾಯಿಲೆ ಅದು. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ನಮ್ಮ ಕಡೆ ಅದಕ್ಕೆ ‘ನೋ ಡಿಸ್‌ಪ್ಲೇ’ ಎಂದೇ ಹೆಸರು.

ಈ ಚರಿತ್ರೆಗೆ ಶಾಸನಗಳೆಂದರೆ ನನ್ನ ಹಳೆಯ ಬಿಲ್ ಪುಸ್ತಕಗಳು ಮತ್ತು ಒಂದು ತಗಡಿನ ಡಬ್ಬಿ. ನಮ್ಮ ಕಸುಬಿನವರು ರ‍್ಯಾಮ್ ಮಾರುವಾಗ ಅದರ ಸ್ಟಿಕ್ಕರ್ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು ಬರೆದು ಅಂಗಡಿಯ ಗುರುತು ಹಾಕುತ್ತೇವೆ. ವಾರಂಟಿಗೆ ಬಂದಾಗ ಅದು ನಮ್ಮ ಮಾಲೋ ಬೇರೆಯವರದೋ ತಿಳಿಯಲಿ ಎಂದು. ಹಾಗೆ ಗುರುತು ಹಾಕಿದ, ಕಾಲ ಕಳೆದು ವಾಪಸು ಬಂದ ರ‍್ಯಾಮ್‌ಗಳು ಆ ಡಬ್ಬಿಯಲ್ಲಿವೆ. ಒಂದೊಂದನ್ನು ಕೈಗೆತ್ತಿಕೊಂಡರೂ ಅದರ ಹಿಂದಿನ ಜಗಳ, ಓಡಾಟ, ರಾತ್ರಿ ಕೆಲಸ ನೆನಪಾಗುತ್ತದೆ.

ಕಂಪ್ಯೂಟರ್ ಮೆಕ್ಯಾನಿಕ್ ಎಂಬವನು ನಮ್ಮ ಸೀಮೆಯಲ್ಲಿ ಹೊಸದಾಗಿ ಹುಟ್ಟಿದವನಲ್ಲ. ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿಯವರು, ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುತ್ತಿದ್ದವರು, ಸ್ಟೆಬಿಲೈಸರ್ ಕಟ್ಟುತ್ತಿದ್ದವರು ಇವರೇ 1990ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ತಿರುಗಿದರು. ಅದಕ್ಕೆ ಮೈಸೂರಿನ ಹಿನ್ನೆಲೆಯೂ ಇತ್ತು. 1980ರ ದಶಕದಲ್ಲಿ ವಿಪ್ರೊ ಮೈಸೂರಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ತಯಾರಿಸುತ್ತಿತ್ತು. 1988ರಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಸುವ ಕೇನ್ಸ್ ಕಂಪನಿ ಅಲ್ಲೇ ಶುರುವಾಯಿತು. ನಂಜನಗೂಡಿನಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಎಂಬ ಕಾರ್ಖಾನೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಮಾಡುತ್ತಿತ್ತು. 1999ರಲ್ಲಿ ಆಸ್ಟ್ರಿಯಾದ ಎ.ಟಿ. ಅಂಡ್ ಎಸ್. ಕಂಪನಿ ಅದನ್ನು ಕೊಂಡಿತು. ರಸಬಾಳೆಯ ನಂಜನಗೂಡಿನಲ್ಲಿ ತಾಮ್ರದ ಗೆರೆಗಳ ಬೋರ್ಡು ತಯಾರಾಗುತ್ತದೆ ಎಂಬುದು ನಮ್ಮ ತಾಲ್ಲೂಕಿನ ಬಹಳ ಜನಕ್ಕೆ ಇಂದಿಗೂ ಗೊತ್ತಿಲ್ಲ. ಇಂಥ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ಬಂದವರು ಮೈಸೂರಿನಲ್ಲಿ ಅಂಗಡಿ ಇಟ್ಟರು. ನನ್ನ ಗುರುಗಳು ಅಂಥವರಲ್ಲಿ ಒಬ್ಬರು. ಅವರ ಕೈಲಿ ಬೆಸುಗೆ ಹಾಕುವುದು ಕಲಿತವನು ನಾನು.

ರ‍್ಯಾಮ್ ಎಂದರೇನೆಂದು ಕೇಳಿದ ರೈತರಿಗೆ ಅವರು ಹೇಳುತ್ತಿದ್ದುದು ಹೀಗೆ: ಹಾರ್ಡ್ ಡಿಸ್ಕ್ ಕಣಜ, ರ‍್ಯಾಮ್ ಮೊರ. ಕಣಜದಲ್ಲಿ ಎಷ್ಟೇ ರಾಗಿ ಇರಲಿ, ಹಸನು ಮಾಡಬೇಕಾದರೆ ಮೊರಕ್ಕೆ ಸುರಿದುಕೊಳ್ಳಲೇಬೇಕು. ಮೊರ ಚಿಕ್ಕದಾದರೆ ಕೆಲಸ ನಿಧಾನ. ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೂ ಗೊತ್ತಿಲ್ಲ. ಇಂದಿನ ಬಗೆಯ ಈ ಮೊರವನ್ನು ಕಂಡುಹಿಡಿದವನು ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್, 1966ರಲ್ಲಿ. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಅದರಲ್ಲಿ ಚಾರ್ಜ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಚಾರ್ಜ್ ಸೋರಿಹೋಗುವುದರಿಂದ ಕ್ಷಣಕ್ಷಣವೂ ಮತ್ತೆ ತುಂಬುತ್ತಿರಬೇಕು. ಕರೆಂಟು ಹೋದರೆ ಎಲ್ಲವೂ ಖಾಲಿ.

ನಮ್ಮ ಕಡೆ ಕಂಪ್ಯೂಟರ್ ಮೊದಲು ಬಂದದ್ದು ಡಿ.ಟಿ.ಪಿ. ಅಂಗಡಿಗಳಿಗೆ. ಮೊಳೆ ಜೋಡಿಸುತ್ತಿದ್ದ ಪ್ರೆಸ್ಸುಗಳು ಮುಚ್ಚಿ, ಮದುವೆ ಕಾರ್ಡು, ತಿಥಿ ಕಾರ್ಡು, ಪಂಚಾಯಿತಿ ಚುನಾವಣೆಯ ಕರಪತ್ರ ಎಲ್ಲ ಪೇಜ್‌ಮೇಕರ್‌ಗೆ ಬಂದ ಕಾಲ. ಡಬ್ಬಿಯ ಅತ್ಯಂತ ಹಳೆಯ ರ‍್ಯಾಮ್‌ಗಳು ಆ ಅಂಗಡಿಗಳವೇ. 72 ಪಿನ್ನಿನ ಸಿಮ್ ಅವು. ಸ್ಲಾಟಿಗೆ ಓರೆಯಾಗಿ ಇಳಿಸಿ, ಮೇಲಕ್ಕೆತ್ತಿ ನಿಲ್ಲಿಸಬೇಕಿತ್ತು. ಎರಡು ಬದಿಯ ಕ್ಲಿಪ್ ಟಕ್ಕೆಂದು ಕೂತರೆ ಸರಿ, ಇಲ್ಲದಿದ್ದರೆ ಕ್ಲಿಪ್ ಮುರಿದು ಕೈಗೆ ಬರುತ್ತಿತ್ತು. ಅದರ ಜೊತೆಗೆ ಇನ್ನೊಂದು ನಿಯಮ. ಪೆಂಟಿಯಂ ಒಂದು ಸಲಕ್ಕೆ 64 ಬಿಟ್ ಓದುತ್ತದೆ, ಈ ಸಿಮ್ ಒಂದೊಂದೂ 32 ಬಿಟ್ ಕೊಡುತ್ತದೆ. ಹಾಗಾಗಿ ಜೋಡಿಯಾಗಿ ಹಾಕಬೇಕು. ದುಡ್ಡು ಉಳಿಸಲು ಒಂದೇ ಒಂದು ತಂದು ಹಾಕಿದವರ ಯಂತ್ರ ಏಳುತ್ತಲೇ ಇರಲಿಲ್ಲ. ಅಂಥವರು ಹೊಸ ರ‍್ಯಾಮ್ ಕೆಟ್ಟಿದೆ ಎಂದು ತಿಳಿದು ಮೈಸೂರಿಗೆ ಬಸ್ ಹತ್ತುತ್ತಿದ್ದರು. ಕೆಟ್ಟಿದ್ದು ಏನೂ ಇರಲಿಲ್ಲ, ಜೋಡಿ ಇರಲಿಲ್ಲ ಅಷ್ಟೆ. ಈ ಕಸುಬಿನ ಉದ್ದಕ್ಕೂ ನಾನು ಕಂಡದ್ದು ಇದನ್ನೇ: ರ‍್ಯಾಮ್ ಕೆಟ್ಟಿರುವುದು ಅಪರೂಪ, ಅದನ್ನು ಸಿಕ್ಕಿಸುವ ಮದರ್‌ಬೋರ್ಡಿಗೂ ಅದಕ್ಕೂ ಹೊಂದದಿರುವುದೇ ಹೆಚ್ಚು.

ಗುರುಗಳ ಮೊದಲ ಪಾಠ ಕಿವಿಯದು. “ಮಗಾ, ಮೊದ್ಲು ಕೇಳು, ಆಮೇಲೆ ಬಿಚ್ಚು” ಎನ್ನುತ್ತಿದ್ದರು. ಸ್ವಿಚ್ ಒತ್ತಿದ ಕೂಡಲೇ ಪ್ರೊಸೆಸರ್ ಬಯಾಸ್ ಚಿಪ್ಪಿನಲ್ಲಿ ಬರೆದಿಟ್ಟ ಸೂಚನೆಗಳನ್ನು ಓದಲು ಶುರುಮಾಡುತ್ತದೆ. ಮೊದಲ ಕೆಲಸಗಳಲ್ಲಿ ಒಂದು ಮೆಮೊರಿ ಹುಡುಕುವುದು. ಎಸ್.ಡಿ.ರ‍್ಯಾಮ್ ಎಂಬ ಮುಂದಿನ ಪೀಳಿಗೆ ಬಂದ ಕಾಲದಿಂದ ಈಚೆಗೆ ರ‍್ಯಾಮಿನ ಮೂಲೆಯಲ್ಲೇ ಒಂದು ಎಳ್ಳಿನಷ್ಟು ಚಿಪ್ ಇರುತ್ತದೆ. ನಾನು ಇಷ್ಟು ಅಗಲ, ಇಷ್ಟು ಉದ್ದ, ಇಷ್ಟು ವೇಗ ಎಂದು ಅದರಲ್ಲಿ ಬರೆದಿರುತ್ತದೆ. ಬಯಾಸ್ ಅದನ್ನು ಓದಿ ಲೆಕ್ಕ ಹೊಂದಿಸಿಕೊಳ್ಳುತ್ತದೆ. ಮೆಮೊರಿ ಸಿಗದಿದ್ದರೆ ಪರದೆಯ ಮೇಲೆ ಅಕ್ಷರ ಬರೆಯುವ ಹಂತಕ್ಕೇ ಯಂತ್ರ ಹೋಗುವುದಿಲ್ಲ. ಆಗ ಅದಕ್ಕೆ ಉಳಿಯುವ ಬಾಯಿ ಕ್ಯಾಬಿನೆಟ್ಟಿನ ಸಣ್ಣ ಸ್ಪೀಕರ್ ಒಂದೇ. ಅವಾರ್ಡ್ ಬಯಾಸ್ ಆದರೆ ಉದ್ದನೆಯ ಬೀಪ್ ಬಿಟ್ಟು ಬಿಟ್ಟು ಬರುತ್ತಲೇ ಇರುತ್ತದೆ. ಒಂದು ಉದ್ದ, ಎರಡು ಗಿಡ್ಡ ಬಂದರೆ ದೋಷ ಡಿಸ್‌ಪ್ಲೇ ಕಾರ್ಡಿನದು, ರ‍್ಯಾಮ್ ಮುಟ್ಟುವ ಹಾಗಿಲ್ಲ. ಎ.ಎಂ.ಐ. ಬಯಾಸಿನಲ್ಲಿ ಮೂರು ಗಿಡ್ಡ ಬೀಪ್ ಎಂದರೆ ಮೊದಲ 64 ಕೆ.ಬಿ. ಮೆಮೊರಿಯಲ್ಲೇ ತೊಂದರೆ. ಗುರುಗಳು ಫೋನಿನಲ್ಲೇ ಗಿರಾಕಿಗೆ “ರಿಸೀವರ್ ಕಂಪ್ಯೂಟರ್ ಹತ್ರ ಹಿಡೀರಿ” ಎಂದು ಹೇಳಿ, ಬೀಪ್ ಕೇಳಿಸಿಕೊಂಡು, ಬಸ್ಸಿಗೆ ಯಾವ ಸಾಮಾನು ತಗೊಂಡು ಹತ್ತಬೇಕೆಂದು ನನಗೆ ಹೇಳಿ ಕಳಿಸುತ್ತಿದ್ದರು.

ಅವರದೇ ಇನ್ನೊಂದು ಕಟ್ಟಳೆ ಇತ್ತು. ರ‍್ಯಾಮ್ ತೆಗೆದು ಮತ್ತೆ ಕೂರಿಸಿದ ಮಾತ್ರಕ್ಕೆ ಯಂತ್ರ ಎದ್ದರೆ ಕಾಸು ಕೇಳಬಾರದು. ಬಸ್ ಚಾರ್ಜು ಕೊಟ್ಟರೆ ಇಸಕೊಳ್ಳಬಹುದು. ಈ ಕಟ್ಟಳೆಯನ್ನು ಬನ್ನೂರು ಕಡೆಯ ಮೆಕ್ಯಾನಿಕ್‌ಗಳು ಬಹಳ ಕಾಲ ಪಾಲಿಸಿದರು. ಅಂಗಡಿ ಬಾಡಿಗೆ ಏರಿದ ಮೇಲೆ ‘ಚೆಕಿಂಗ್ ಚಾರ್ಜ್’ ಬಂತು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಹೊಟ್ಟೆಪಾಡು ನಡೆಯಬೇಕು.

ಎಸ್.ಡಿ.ರ‍್ಯಾಮ್ ಬಂದದ್ದು ನಮ್ಮ ಕಸುಬಿನ ನಿಜವಾದ ಸುಗ್ಗಿ. 168 ಪಿನ್, ಒಂದೇ ಹಾಕಿದರೂ ನಡೆಯುತ್ತದೆ, ನೇರವಾಗಿ ಒತ್ತಿದರೆ ಎರಡು ಕಡೆಯ ಲಾಕ್ ತಾನೇ ಬೀಳುತ್ತದೆ. ಸುಲಭವಾದದ್ದರಿಂದ ಎಲ್ಲರೂ ತಾವೇ ಹಾಕತೊಡಗಿದರು. ಅಲ್ಲಿಂದ ಶುರುವಾಯಿತು ಹೊಸ ಬಗೆಯ ತೊಂದರೆಗಳ ಸಾಲು. ಪೆಂಟಿಯಂ ಎಂ.ಎಂ.ಎಕ್ಸ್. ಜೊತೆ ಬರುತ್ತಿದ್ದ ಇಂಟೆಲ್ 430ಟಿ.ಎಕ್ಸ್. ಚಿಪ್‌ಸೆಟ್ಟಿನ ಬೋರ್ಡು 64 ಎಂ.ಬಿ.ವರೆಗೆ ಮಾತ್ರ ಕ್ಯಾಷ್ ಮಾಡುತ್ತಿತ್ತು, ಎಂದರೆ ಬೇಗ ಸಿಗುವಂತೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚು ಹಾಕಿದರೆ ಯಂತ್ರ ಏಳುತ್ತದೆ, ಆದರೆ ಮೊದಲಿಗಿಂತ ನಿಧಾನ! ದುಡ್ಡು ಕೊಟ್ಟು ನಿಧಾನ ಕೊಂಡಂತಾಯಿತಲ್ಲ ಎಂದು ಗಿರಾಕಿ ಕೇಳಿದರೆ, ಚಿಪ್‌ಸೆಟ್ಟಿನ ಮಿತಿಯನ್ನು ತಿಳಿಸಿ ಹೇಳುವುದು ಸುಲಭದ ಕೆಲಸವಾಗಿರಲಿಲ್ಲ.

1999ರ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ದೊಡ್ಡ ಭೂಕಂಪವಾಯಿತು. ಚಿಪ್ ಕಾರ್ಖಾನೆಗಳು ನಿಂತವು, ಜಗತ್ತಿನಲ್ಲೆಲ್ಲ ಮೆಮೊರಿ ಬೆಲೆ ಜಿಗಿಯಿತು. ಅದಕ್ಕೂ ಮುಂಚೆ 1993ರ ಜುಲೈಯಲ್ಲಿ ಜಪಾನಿನ ನೀಹಾಮಾದಲ್ಲಿ ಸುಮಿಟೊಮೊ ಕಾರ್ಖಾನೆಯೊಂದು ಸಿಡಿದು, ಚಿಪ್ಪುಗಳ ಮೇಲೆ ಹೊದಿಸುವ ಎಪಾಕ್ಸಿ ರಾಳದ ಸರಬರಾಜೇ ನಿಂತು, ಹೀಗೇ ಆಗಿತ್ತಂತೆ. ಅದನ್ನು ಗುರುಗಳು ಹೇಳುತ್ತಿದ್ದರು. ತೈವಾನಿನ ಭೂಕಂಪದ ಬಿಸಿ ಮಾತ್ರ ನಾನೇ ಉಂಡದ್ದು. ಬೆಲೆ ಏರಿದ ಕೂಡಲೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಯಂತ್ರಗಳಿಂದ ಕಿತ್ತ ರ‍್ಯಾಮ್ ರಾಶಿ ಬಿತ್ತು. ಮಳವಳ್ಳಿ, ಕನಕಪುರದ ಮೇಲೆ ಬಸ್ಸಿನಲ್ಲಿ ಹೋಗಿ ತಂದು ಹಾಕಿದವರು ಎಷ್ಟೋ ಜನ. 66 ಮೆಗಾಹರ್ಟ್ಸಿನ ಹಳೆಯ ರ‍್ಯಾಮನ್ನು 100 ಮೆಗಾಹರ್ಟ್ಸಿನ ಬೋರ್ಡಿಗೆ ಹಾಕಿದರೆ ಏನಾಗುತ್ತದೆ? ಕೆಲವು ಸಲ ಬೀಪ್, ಕೆಲವು ಸಲ ಮೆಮೊರಿ ಎಣಿಸುತ್ತಾ ನಿಲ್ಲುವುದು, ಕೆಲವು ಸಲ ವಿಂಡೋಸ್ ಚಿತ್ರ ಬಂದು ಅಲ್ಲೇ ಹೆಪ್ಪುಗಟ್ಟುವುದು. ಬೆಳಿಗ್ಗೆ ತಣ್ಣಗಿದ್ದಾಗ ಏಳುವ ಯಂತ್ರ ಮಧ್ಯಾಹ್ನ ಏಳುತ್ತಿರಲಿಲ್ಲ. ನನ್ನ ಬಿಲ್ ಪುಸ್ತಕಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ: ಎಲ್ಲೋ ದೂರದ ಕಾರ್ಖಾನೆ ನಿಂತು ಮೆಮೊರಿ ದುಬಾರಿಯಾದಾಗಲೆಲ್ಲ ಬನ್ನೂರಿನಲ್ಲಿ ನೋ ಡಿಸ್‌ಪ್ಲೇ ಹೆಚ್ಚಿದೆ. ದುಬಾರಿಯಾದಾಗ ಜನ ಹೊಂದುವುದನ್ನು ಕೊಳ್ಳುವುದಿಲ್ಲ, ಸಿಕ್ಕಿದ್ದನ್ನು ಕೊಳ್ಳುತ್ತಾರೆ.

ಡಬ್ಬಿಯಲ್ಲಿ 2001ರ ಆರಂಭದ ಗುರುತಿರುವ ಒಂದು 256 ಎಂ.ಬಿ. ಇದೆ. ನರಸೀಪುರದ ಡಿ.ಟಿ.ಪಿ. ಅಂಗಡಿಯೊಂದರದು. ಮುಡುಕುತೊರೆ ಜಾತ್ರೆಯ ಪೋಸ್ಟರ್ ಮಾಡಬೇಕಿತ್ತು, ಫೋಟೊ ದೊಡ್ಡದು, ಯಂತ್ರ ತೆವಳುತ್ತಿತ್ತು. 440ಬಿ.ಎಕ್ಸ್. ಚಿಪ್‌ಸೆಟ್ಟಿನ ಒಳ್ಳೆಯ ಬೋರ್ಡು ಅದು. ಅಂಗಡಿಯವರು ಬೆಂಗಳೂರಿನಿಂದ 256 ತರಿಸಿ ತಾವೇ ಹಾಕಿದ್ದರು. ಯಂತ್ರ ಎದ್ದಿತು, ಆದರೆ ತೋರಿಸಿದ್ದು 128. ಮಾರಿದವನು ಮೋಸ ಮಾಡಿದ ಎಂದು ಅವರು ಕೆಂಡವಾಗಿದ್ದರು. ರ‍್ಯಾಮ್ ತಿರುಗಿಸಿ ನೋಡಿದೆ: ಒಂದೇ ಮಗ್ಗುಲು, ಎಂಟು ಚಿಪ್. ಅಂದರೆ ಒಂದೊಂದು ಚಿಪ್ಪೂ 256 ಮೆಗಾಬಿಟ್‌ನದು. ಬಿ.ಎಕ್ಸ್.ಗೆ ಗೊತ್ತಿದ್ದುದು 128 ಮೆಗಾಬಿಟ್ ಚಿಪ್‌ವರೆಗೆ. ಅದು ತನಗೆ ತಿಳಿದಷ್ಟನ್ನು ಓದಿ ಉಳಿದರ್ಧವನ್ನು ಬಿಟ್ಟಿತ್ತು. ಎರಡೂ ಮಗ್ಗುಲಿನಲ್ಲಿ ಹದಿನಾರು ಚಿಪ್ ಇರುವ 256 ಹಾಕಿದಾಗ ಪೂರ್ತಿ ಬಂತು. ಮಾರಿದವನೂ ಮೋಸಗಾರನಾಗಿರಲಿಲ್ಲ, ಬೋರ್ಡೂ ಕೆಟ್ಟಿರಲಿಲ್ಲ. ಚಿಪ್ ಎಣಿಸುವ ಈ ವಿದ್ಯೆ ಯಾವ ಕೋರ್ಸಿನಲ್ಲೂ ಆಗ ಹೇಳಿಕೊಡುತ್ತಿರಲಿಲ್ಲ. ಮೈಸೂರಿನ ಮೆಕ್ಯಾನಿಕ್‌ಗಳಿಂದ ನಂಜನಗೂಡಿಗೆ, ಅಲ್ಲಿಂದ ನರಸೀಪುರಕ್ಕೆ ಬಾಯಿಂದ ಬಾಯಿಗೆ ಬಂದದ್ದು. ಪೋಸ್ಟರ್ ಜಾತ್ರೆಗೆ ಮುಂಚೆ ಗೋಡೆ ಹತ್ತಿತು.

ಅದೇ ಹೊತ್ತಿಗೆ ತಾಲ್ಲೂಕು ಕಚೇರಿಗೆ ಭೂಮಿ ಯೋಜನೆ ಬಂತು. ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ಕಚೇರಿಯ ಕಿಟಕಿಯಲ್ಲಿ ಪ್ರಿಂಟ್ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ನಮ್ಮ ರೈತರು ಕಂಪ್ಯೂಟರನ್ನು ಹತ್ತಿರದಿಂದ ಕಂಡದ್ದು ಆ ಕಿಟಕಿಯಲ್ಲಿ. ಕಚೇರಿಯ ಎದುರು ಜೆರಾಕ್ಸ್, ಟೈಪಿಂಗ್ ಅಂಗಡಿಗಳು ಎದ್ದವು, ಒಂದೊಂದರಲ್ಲೂ ಒಂದು ಕಂಪ್ಯೂಟರ್. ಅವುಗಳಲ್ಲಿ ಕನ್ನಡ ತಂತ್ರಾಂಶವೆಂದರೆ ಮೊದಲು ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ವಿಂಡೋಸ್ 98ರಲ್ಲಿ ಎರಡೂ ಕಡಿಮೆ ಮೆಮೊರಿಯಲ್ಲೇ ಓಡುತ್ತಿದ್ದವು. ಆದರೆ ಕನ್ನಡ ಯೂನಿಕೋಡ್ ಸರಿಯಾಗಿ ಕಾಣಬೇಕಾದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಬೇಕಿತ್ತು. ತುಂಗಾ ಎಂಬ ಕನ್ನಡ ಫಾಂಟ್ ಅದರೊಳಗೇ ಇತ್ತು. ಎಕ್ಸ್‌ಪಿ ನೆಟ್ಟಗೆ ಓಡಲು 128 ಎಂ.ಬಿ. ಬೇಕು, 256 ಇದ್ದರೆ ವಾಸಿ. ಇಲ್ಲಿನ ಜನ ಮೆಮೊರಿ ಹೆಚ್ಚಿಸಿಕೊಂಡದ್ದು ಆಟ ಆಡಲೆಂದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪತ್ರ ಬರಹಗಾರರು, ವಕೀಲರ ಗುಮಾಸ್ತರು, ಶಾಲಾ ಮೇಷ್ಟ್ರುಗಳು ಕನ್ನಡಕ್ಕಾಗಿ ರ‍್ಯಾಮ್ ಕೊಂಡರು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕನ್ನಡ ಗಣಕದ ಚರಿತ್ರೆ ಬರೆಯುವವರು ಫಾಂಟು, ಕೀಬೋರ್ಡುಗಳ ಬಗ್ಗೆ ಬರೆದಿದ್ದಾರೆ, ಅದನ್ನು ಹೊತ್ತು ನಿಂತ ಹಾರ್ಡ್‌ವೇರಿನ ಬಗ್ಗೆ ಬರೆದಿಲ್ಲ.

ಎಕ್ಸ್‌ಪಿಗೆ ಹೋಗದೆ 98ರಲ್ಲೇ ಉಳಿದು ಮೆಮೊರಿ ಮಾತ್ರ ಹೆಚ್ಚಿಸಿದವರಿಗೆ ಬೇರೆ ಪೇಚು. 512 ಎಂ.ಬಿ. ದಾಟಿದರೆ ವಿಂಡೋಸ್ 98 ಮೆಮೊರಿ ಸಾಲದು ಎಂದು ದೂರು ಹೇಳಿ ನಿಲ್ಲುತ್ತಿತ್ತು. ಹೆಚ್ಚಾಗಿದ್ದಕ್ಕೆ ಸಾಲದು ಎನ್ನುವ ಯಂತ್ರ! ಸಿಸ್ಟಮ್.ಐ.ಎನ್.ಐ. ಫೈಲಿನಲ್ಲಿ ಕ್ಯಾಷ್‌ಗೆ ಮಿತಿ ಬರೆದರೆ ಸರಿಯಾಗುತ್ತಿತ್ತು.

ಇನ್ನು ನಮ್ಮ ನೆಲದ, ಗಾಳಿಯ ವಿಚಾರ. ಕಾವೇರಿ ಬಯಲಿನ ಭತ್ತದ ಸೀಮೆ ಇದು. ಬನ್ನೂರಿನಲ್ಲಿ ಅಕ್ಕಿ ಗಿರಣಿ, ತೌಡಿನ ಧೂಳು. ನಾಲೆಯ ನೀರು ಬಿಟ್ಟಾಗ ಗಾಳಿಯಲ್ಲೇ ತೇವ. ರ‍್ಯಾಮಿನ ಬೆರಳುಗಳ, ಅಂದರೆ ಸ್ಲಾಟಿಗೆ ತಾಗುವ ಲೋಹದ ಪಟ್ಟಿಗಳ, ಮೇಲೆ ಚಿನ್ನದ ಲೇಪ ತೀರಾ ತೆಳು, ಹಳೆಯ ಕೆಲವದರಲ್ಲಿ ತವರ ಮಾತ್ರ. ತವರದ ಬೆರಳು ಚಿನ್ನದ ಸ್ಲಾಟಿಗೆ ಬಿದ್ದರೆ ಸಣ್ಣ ಅಲುಗಾಟಕ್ಕೇ ತಿಕ್ಕಿ ತಿಕ್ಕಿ ಕಿಲುಬು ಹಿಡಿಯುತ್ತದೆ. ಹೊಸ ರ‍್ಯಾಮ್ ಹಾಕುವಾಗ ಪಕ್ಕದ ಹಳೆಯದು ಕೂದಲೆಳೆಯಷ್ಟು ಕದಲಿದರೆ ಸಾಕು, ನಾಲ್ಕು ವರ್ಷ ಸುಮ್ಮನಿದ್ದ ಕಿಲುಬು ಅಂದು ಮುನಿಸಿಕೊಳ್ಳುತ್ತದೆ. ಗಿರಾಕಿ ಹೊಸದನ್ನು ಬೈಯುತ್ತಾನೆ, ತಪ್ಪು ಹಳೆಯದರದು. ಇದಕ್ಕೆ ದೇಶದ ತುಂಬಾ ಇರುವ ಮದ್ದು ಶಾಲಾ ಮಕ್ಕಳ ಬಿಳಿ ರಬ್ಬರ್. ಮೆತ್ತಗೆ, ಒಂದೇ ದಿಕ್ಕಿಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಕೂರಿಸುವುದು. ಇಂಕು ಅಳಿಸುವ ನೀಲಿ ರಬ್ಬರಿನಿಂದ ಉಜ್ಜಬಾರದು, ಅದರಲ್ಲಿ ಮರಳಿನಂಥ ಪುಡಿ ಇರುತ್ತದೆ, ಚಿನ್ನವೇ ಕಿತ್ತು ಬರುತ್ತದೆ. ಬಿಳಿಯದನ್ನೂ ಪದೇ ಪದೇ ಉಜ್ಜುವುದನ್ನು ನಾನು ಒಪ್ಪುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸುವುದು ವಾಸಿ. ಸ್ಲಾಟಿನೊಳಗೆ ಇರುವೆ ಗೂಡು ಕಟ್ಟಿದ್ದನ್ನು, ಹಲ್ಲಿ ಸತ್ತು ಒಣಗಿದ್ದನ್ನು ತೆಗೆದಿದ್ದೇನೆ. ಬ್ರಷ್ಷಿಲ್ಲದೆ ಹೊರಡುವ ಮೆಕ್ಯಾನಿಕ್ ನಮ್ಮ ಸೀಮೆಯಲ್ಲಿ ಮೆಕ್ಯಾನಿಕ್ಕೇ ಅಲ್ಲ.

ಮುಂದಿನ ಪೀಳಿಗೆಯಾದ ಡಿ.ಡಿ.ಆರ್. ಬಂದ ಮೇಲೆ ಸುಡುವ ವಾಸನೆ ಬಂತು. 184 ಪಿನ್, ನಡುವೆ ಒಂದೇ ಕಚ್ಚು. ಡಿ.ಡಿ.ಆರ್.2, ಡಿ.ಡಿ.ಆರ್.3 ಎರಡೂ 240 ಪಿನ್. ಕಚ್ಚಿನ ಜಾಗ ಮಾತ್ರ ಸ್ವಲ್ಪ ಆಚೀಚೆ. 2.5 ವೋಲ್ಟ್ ಇದ್ದದ್ದು 1.8ಕ್ಕೆ, ಆಮೇಲೆ 1.5ಕ್ಕೆ ಇಳಿಯಿತು. ಬೇರೆ ಬೇರೆ ಮನೆತನ ಬೆರೆಯದಿರಲೆಂದೇ ಕಚ್ಚು ಮಾಡಿದ್ದು. ಆದರೆ ಮಬ್ಬು ಬೆಳಕಿನಲ್ಲಿ, ಕರೆಂಟು ಹೋಗುವ ಮುಂಚೆ ಮುಗಿಸಬೇಕೆಂಬ ಆತುರದಲ್ಲಿ, ತಿರುಗಾಮುರುಗಾ ಇಟ್ಟು ಬಲವಾಗಿ ಒತ್ತಿದವರಿದ್ದಾರೆ. ಸ್ವಿಚ್ ಹಾಕಿದೊಡನೆ ಪಿನ್ ಕರಗಿ ಸ್ಲಾಟ್ ಕಪ್ಪಾಗುತ್ತದೆ. ಅಂಥ ಬೋರ್ಡನ್ನು ಉಳಿಸುವುದು ಕಷ್ಟ. ರ‍್ಯಾಮ್ ಬಲವಾಗಿ ಒತ್ತಬೇಕು ಎಂಬ ಮಾತು ನಿಜ, ಆದರೆ ಕಚ್ಚು ಕೂತಿದೆಯೇ ಎಂದು ನೋಡಿದ ಮೇಲೆ.

ಈ ನಡುವೆ ಬೀಪ್ ಶಬ್ದವೇ ಮಾಯವಾಯಿತು. ಕ್ಯಾಬಿನೆಟ್ ತಯಾರಕರು ಸ್ಪೀಕರ್ ಹಾಕುವುದನ್ನು ಬಿಟ್ಟರು. ಯಂತ್ರಕ್ಕೆ ಬಾಯಿ ಇಲ್ಲದಂತಾದ ಮೇಲೆ ನಾವು ಡಿಬಗ್ ಕಾರ್ಡ್ ಕೊಂಡೆವು. ಪಿ.ಸಿ.ಐ. ಸ್ಲಾಟಿಗೆ ಸಿಕ್ಕಿಸುವ ಪುಟ್ಟ ಬೋರ್ಡು, ಎರಡು ಅಂಕಿ ತೋರಿಸುತ್ತದೆ. ಅವಾರ್ಡ್ ಬಯಾಸಿನಲ್ಲಿ ‘ಸಿ1’ ಎಂದು ನಿಂತರೆ ಮೆಮೊರಿ ಹುಡುಕುವ ಹಂತದಲ್ಲೇ ನಿಂತಿದೆ ಎಂದರ್ಥ. ನಾನು ಇಂದಿಗೂ ನಾಲ್ಕು ಪಿನ್ನಿನ ಬಜರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಅಂಕಿ ನೋಡುವುದಕ್ಕಿಂತ ಕೇಳುವುದರಲ್ಲಿ ನನಗೆ ನಂಬಿಕೆ ಹೆಚ್ಚು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಶಾಲೆ ಮುಚ್ಚಿ ಪಾಠ ಪರದೆಗೆ ಬಂದಾಗ ಅಟ್ಟದ ಮೇಲಿದ್ದ ಕಂಪ್ಯೂಟರ್‌ಗಳೆಲ್ಲ ಕೆಳಗಿಳಿದವು. ಅದೇ ಜನವರಿಯಲ್ಲಿ ವಿಂಡೋಸ್ 7ಕ್ಕೆ ಬೆಂಬಲ ನಿಂತಿತ್ತು, ವಿಂಡೋಸ್ 10 ಹಾಕಿದರೆ 2 ಜಿ.ಬಿ. ಸಾಲುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚು ಇದ್ದದ್ದು ಇಂಟೆಲ್ ಜಿ31, ಜಿ41 ಚಿಪ್‌ಸೆಟ್ಟಿನ ಬೋರ್ಡುಗಳು. ನಮ್ಮ ಊರ ಪಕ್ಕದ ಹಳ್ಳಿಯ ರೈತರೊಬ್ಬರು ಮಗಳ ಎಸ್ಸೆಸ್ಸೆಲ್ಸಿಗೆಂದು ಆನ್‌ಲೈನಿನಲ್ಲಿ 4 ಜಿ.ಬಿ. ಡಿ.ಡಿ.ಆರ್.3 ತರಿಸಿ, ಯಾರ ಕೈಲೋ ಹಾಕಿಸಿ, ಕಂಪ್ಯೂಟರನ್ನು ಟಿ.ವಿ.ಎಸ್. ಮೊಪೆಡ್ಡಿನ ಮೇಲೆ ಇಟ್ಟುಕೊಂಡು ಅಂಗಡಿಗೆ ಬಂದರು. “ರ‍್ಯಾಮ್ ಹಾಕ್ಸಿದ್ಮೇಲೆ ಆನೇ ಆಗ್ತಿಲ್ಲ ಕಣಣ್ಣ, ನಾಳಿಕ್ಕೆ ಕ್ಲಾಸೈತೆ” ಎಂದರು. ತೆಗೆದು ನೋಡಿದರೆ ಬೋರ್ಡು ಜಿ41, ರ‍್ಯಾಮಿನಲ್ಲಿ ಎಂಟು ಚಿಪ್. ಜಿ41ಕ್ಕೆ 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ ಗೊತ್ತು, 4 ಜಿ.ಬಿ. ಬೇಕಾದರೆ ಹದಿನಾರು ಚಿಪ್ಪಿನದೇ ಆಗಬೇಕು. ಇಪ್ಪತ್ತು ವರ್ಷದ ಹಿಂದೆ ಬಿ.ಎಕ್ಸ್. ಬೋರ್ಡಿನಲ್ಲಿ ಕಲಿತದ್ದೇ ಇಲ್ಲೂ ನಡೆಯಿತು, ಆಗ ಅರ್ಧವಾದರೂ ತೋರಿಸುತ್ತಿತ್ತು, ಈಗ ಪೂರ್ತಿ ಕಪ್ಪು. ಡಬ್ಬಿಯಲ್ಲಿ ಹದಿನಾರು ಚಿಪ್ಪಿನದೊಂದು ಇತ್ತು, ಹಾಕಿದೆ. ಅವರ ಹೊಸ ರ‍್ಯಾಮನ್ನು ಎಚ್61 ಬೋರ್ಡಿನ ಇನ್ನೊಬ್ಬ ಗಿರಾಕಿಗೆ ಹಾಕಿದೆ, ಅಲ್ಲಿ ಒಂದೇ ಏಟಿಗೆ ಎದ್ದಿತು. ಇಬ್ಬರಿಗೂ ನಷ್ಟವಾಗಲಿಲ್ಲ. ಆ ವರ್ಷ ಇಂಥದ್ದು ಬಂದ ಹಾಗೆ ಹಿಂದೆಂದೂ ಬಂದಿರಲಿಲ್ಲ. ‘ಎ.ಎಂ.ಡಿ. ಬೋರ್ಡಿಗೆ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆದ 4 ಜಿ.ಬಿ.ಯ ಡಿ.ಡಿ.ಆರ್.2ಗಳನ್ನು ಅಗ್ಗವೆಂದು ಕೊಂಡು ಇಂಟೆಲ್ ಬೋರ್ಡಿಗೆ ಹಾಕಿ ಬಂದವರೂ ಇದ್ದರು.

ಮನೆಯಲ್ಲೇ ಹಾಕಿ ಪೇಚಿಗೆ ಸಿಕ್ಕವರಿಗೆ ನಾನು ಹೇಳುವ ಕ್ರಮ ಬದಲಾಗಿಲ್ಲ. ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಕಳೆಯಿರಿ, ಕಬ್ಬಿಣದ ಚೌಕಟ್ಟು ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಹೊಸದನ್ನು ತೆಗೆದು ಹಳೆಯದನ್ನು ಮಾತ್ರ ಹಾಕಿ ನೋಡಿ. ಎದ್ದರೆ ಬೋರ್ಡು ಕ್ಷೇಮ. ಆಮೇಲೆ ಹೊಸದನ್ನು ಒಂದೇ, ಮೊದಲ ಸ್ಲಾಟಿನಲ್ಲಿ. ಆಮೇಲೆ ಇನ್ನೊಂದು ಸ್ಲಾಟಿನಲ್ಲಿ. ಒಂಟಿಯಾಗಿ ಎರಡೂ ನಡೆದು ಜೋಡಿಯಾಗಿ ನಡೆಯದಿದ್ದರೆ ವೇಗ, ವೋಲ್ಟೇಜ್ ಹೊಂದುತ್ತಿಲ್ಲ. ಹಳೆಯದೂ ಏಳದಿದ್ದರೆ ನಾಣ್ಯದ ಹಾಗಿರುವ 2032 ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ, ಬಯಾಸ್ ಹಳೆಯ ಲೆಕ್ಕ ಮರೆಯುತ್ತದೆ. ಕೈ ತಗುಲಿ ಹಾರ್ಡ್ ಡಿಸ್ಕಿನ ಕೇಬಲ್ ಅಥವಾ ಪ್ರೊಸೆಸರ್ ಪಕ್ಕದ ನಾಲ್ಕು ಪಿನ್ನಿನ ಪವರ್ ವೈರ್ ಸಡಿಲವಾಗಿರುವುದೂ ಉಂಟು. ಎದ್ದು ನಡುನಡುವೆ ನೀಲಿ ಪರದೆ ಬಂದರೆ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಹಾಕಿ ರಾತ್ರಿಯಿಡೀ ಬಿಡಿ. ಪ್ರತಿ ಮೆಕ್ಯಾನಿಕ್ ಬಳಿಯೂ ಯಾವ ಬೆಲೆಗೂ ಮಾರದ ಒಂದು ‘ಟೆಸ್ಟಿಂಗ್ ರ‍್ಯಾಮ್’ ಇರುತ್ತದೆ, ಪ್ರತಿ ಪೀಳಿಗೆಗೂ ಒಂದು. ಅದು ಕಸುಬಿನ ಬಂಡವಾಳ.

ಈಗಿನ ಡಿ.ಡಿ.ಆರ್.5 ಯಂತ್ರಗಳಲ್ಲಿ ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಬೋರ್ಡು ಅದರ ಜೊತೆ ಲೆಕ್ಕ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪರದೆ ಕಪ್ಪು. ಕೆಟ್ಟಿತೆಂದು ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಕಾಯುವುದೇ ಅಲ್ಲಿ ರಿಪೇರಿ. ಲ್ಯಾಪ್‌ಟಾಪಿನಲ್ಲಂತೂ ರ‍್ಯಾಮನ್ನು ಬೋರ್ಡಿಗೇ ಬೆಸೆದು ಕೊಡುತ್ತಿದ್ದಾರೆ. ಹೆಚ್ಚಿಸುವ ಹಾಗಿಲ್ಲ, ಬದಲಿಸುವ ಹಾಗಿಲ್ಲ, ಒಂದು ಚಿಪ್ ಹೋದರೆ ಬೋರ್ಡೇ ಹೋಯಿತು. ತೆಳ್ಳಗಾಗಲಿ ಎಂದು ಹೀಗೆ ಮಾಡುತ್ತಾರೆ. ಹಳ್ಳಿಯ ಮನೆಗೆ ತೆಳ್ಳಗಿನ ಯಂತ್ರಕ್ಕಿಂತ ಹತ್ತು ವರ್ಷ ಬಾಳುವ ಯಂತ್ರ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ನಡುವೆ ಸೋಮನಾಥಪುರದಲ್ಲೇ ಕಂಪ್ಯೂಟರಿಗೆ ಬೇಡಿಕೆ ಹುಟ್ಟಿದೆ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಕೇಶವ ದೇವಾಲಯ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಬರುವ ಜನಕ್ಕೆ ಬಿಲ್ ಕೊಡಲು ಊರಿನಲ್ಲಿ ಮತ್ತೆ ಕಂಪ್ಯೂಟರ್ ಕೊಳ್ಳುತ್ತಿದ್ದಾರೆ, ಹೆಚ್ಚಿನವು ಸೆಕೆಂಡ್ ಹ್ಯಾಂಡ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆ ವರ್ಷದ ಕೊನೆಗೆ ಎ.ಐ. ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ಮತ್ತೆ ಜಿಗಿಯಿತು. ಮುಂದೇನಾಗುತ್ತದೆಂದು ಬಿಲ್ ಪುಸ್ತಕ ನೋಡಿದವನಿಗೆ ಗೊತ್ತು: ಕಿತ್ತ ರ‍್ಯಾಮ್‌ಗಳು ಮಾರುಕಟ್ಟೆಗೆ ಬರುತ್ತವೆ, ಹೊಂದದ ಬೋರ್ಡುಗಳಿಗೆ ಹೋಗುತ್ತವೆ.

ಅದಕ್ಕಾಗಿ ಓದುಗರಲ್ಲಿ ಎರಡು ಕೋರಿಕೆ. ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ರ‍್ಯಾಮ್ ಸ್ಲಾಟ್ ಇದೆಯೇ, ಎಷ್ಟು ಜಿ.ಬಿ.ವರೆಗೆ ಹಾಕಬಹುದು ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮನೆಯ ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವುದಾದರೆ ರ‍್ಯಾಮನ್ನು ಬಿಚ್ಚಿ, ಯಾವ ಬೋರ್ಡಿನಲ್ಲಿ ಇತ್ತೆಂದು ಚೀಟಿ ಬರೆದು, ನಿಮ್ಮ ಊರಿನ ರಿಪೇರಿ ಅಂಗಡಿಗೋ ಸರ್ಕಾರಿ ಶಾಲೆಗೋ ಕೊಡಿ. ಗುಜರಿಯಲ್ಲಿ ಅದರ ಬೆರಳುಗಳನ್ನು ಚಿನ್ನಕ್ಕಾಗಿ ಕತ್ತರಿಸಿ ಆಸಿಡ್ಡಿಗೆ ಹಾಕುತ್ತಾರೆ. ಹದಿನಾರು ಚಿಪ್ಪಿನ ಡಿ.ಡಿ.ಆರ್.3 ಆಗಿದ್ದರೆ ದಯವಿಟ್ಟು ಖಂಡಿತ ಕೊಡಿ, ಅದಕ್ಕಾಗಿ ಕಾಯುತ್ತಿರುವ ಯಂತ್ರಗಳು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಬಹಳ ಇವೆ.